ಲ್ಯಾಂಡ್‌ಮಾಸ್ಟರ್‌ನ ವಾಲ್ವ್ ರೇಡಿಯೊ: ರ‍್ಯಾಲಿಗೆ ಹೋಗುವ ಮುಂಚೆ ಸರಿ ಮಾಡಬಹುದೇ, ಒಳಗಿನದನ್ನು ತೆಗೆಸಬೇಕೇ?

ಬೇಲೂರು_ಲ್ಯಾಂಡ್‌ಮಾಸ್ಟರ್
ಎಲ್ಲರಿಗೂ ನಮಸ್ಕಾರ. ನಮ್ಮ ತಾತ ಇಟ್ಟುಕೊಂಡಿದ್ದ 1956ರ ಹಿಂದೂಸ್ತಾನ್ ಲ್ಯಾಂಡ್‌ಮಾಸ್ಟರ್ ಕೊನೆಗೂ ರಸ್ತೆಗೆ ಇಳಿದಿದೆ. ಸೈಡ್‌ವಾಲ್ವ್ ಇಂಜಿನ್, ಸ್ಟೀರಿಂಗ್ ಕಂಬದ ಗೇರು, ಸೀಟಿನ ಚೌಕಟ್ಟು ಎಲ್ಲವೂ ಆಗಿನವೇ. ಬಾಕಿ ಉಳಿದಿರುವುದು ರೇಡಿಯೊ. ಡ್ಯಾಶ್‌ಬೋರ್ಡಿನಲ್ಲಿ ಎರಡು ತಿರುಗುಣಿ, ಗಾಜಿನ ಡಯಲ್ ಇರುವ ಒಂದು ಪೆಟ್ಟಿಗೆ. ಅದರಿಂದ ದಪ್ಪ ಕೇಬಲ್ ಇಳಿದು ಕಾಲಿಡುವ ಜಾಗದ ಹತ್ತಿರ ತಗಡಿನ ಇನ್ನೊಂದು ಪೆಟ್ಟಿಗೆಗೆ ಸೇರುತ್ತದೆ. ಸ್ವಿಚ್ ಹಾಕಿದರೆ ಡಯಲ್ ದೀಪ ಹತ್ತುತ್ತದೆ, ಕೆಳಗಿನ ಪೆಟ್ಟಿಗೆ ಗುಂಯ್ ಎನ್ನುತ್ತದೆ, ಸ್ಪೀಕರಿನಲ್ಲಿ ಮಾತ್ರ ಒಂದಿಷ್ಟೂ ಸದ್ದಿಲ್ಲ.

ಹಾಸನದ ಅಂಗಡಿಯವರೊಬ್ಬರು "ಒಳಗಿನದನ್ನೆಲ್ಲ ತೆಗೆದು ಬ್ಲೂಟೂತ್ ಬೋರ್ಡ್ ಕೂರಿಸೋಣ, ಮುಖ ಹಳೆಯದೇ ಇರುತ್ತದೆ" ಎನ್ನುತ್ತಿದ್ದಾರೆ. ನನ್ನ ಚಿಕ್ಕಪ್ಪ ಅದಕ್ಕೆ ಸುತರಾಂ ಒಪ್ಪುತ್ತಿಲ್ಲ. ನಾವು ಹಳೆಯ ಗಾಡಿಗಳವರು ಕೆಲವರು ಸೇರಿ ಚಿಕ್ಕಮಗಳೂರಿನ ಕಡೆ ತೋಟಗಳಲ್ಲಿ ನಡೆಯುವ ರ‍್ಯಾಲಿ ನೋಡಲು ಈ ಸಲ ಒಟ್ಟಿಗೆ ಹೋಗುತ್ತಿದ್ದೇವೆ. ಅಷ್ಟರೊಳಗೆ ರೇಡಿಯೊ ಮಾತನಾಡಬೇಕು ಎಂಬ ಆಸೆ. ಏನು ಮಾಡಲಿ? ಇಂಥ ಗಾಡಿಯನ್ನು ಆ ತೋಟದ ದಾರಿಗೆ ತರಬಹುದೇ ಎಂಬುದನ್ನೂ ತಿಳಿದವರು ಹೇಳಿ.

ಕಾಫಿಕಣ
ಚಿಕ್ಕಪ್ಪನ ಮಾತು ಕೇಳಿ.

ಅರಸೀಕೆರೆ_ಆಡಿಯೊ
ನಾನು ಅಂಗಡಿಯವರ ಪರ. ಭಾವನೆ ಬೇರೆ, ಬಳಕೆ ಬೇರೆ. ಈ ಸೆಟ್ಟಿನಲ್ಲಿ ಬರುವುದು ಮಧ್ಯಮ ತರಂಗ, ಹೆಚ್ಚೆಂದರೆ ಅದರ ಜೊತೆ ಲಾಂಗ್ ವೇವ್ ಅಥವಾ ಶಾರ್ಟ್ ವೇವ್. ಹಾಸನ ಆಕಾಶವಾಣಿ ಎಫ್‌ಎಂನಲ್ಲಿದೆ, ಅದು ಇದರಲ್ಲಿ ಸಿಗುವುದಿಲ್ಲ. ದೇಶದಲ್ಲಿ ಮಧ್ಯಮ ತರಂಗದ ಪ್ರಸಾರ ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸುತ್ತಿದ್ದಾರೆ. ಇಷ್ಟೆಲ್ಲ ಖರ್ಚು ಮಾಡಿ ಬರೀ ಗೊರಗೊರ ಕೇಳುವುದಕ್ಕೆ ಯಾಕೆ ಒದ್ದಾಡಬೇಕು? ಮನೆಯವರೂ ಕೂತು ಹಾಡು ಕೇಳುವಂತಿರಬೇಕು.

ವಾಲ್ವ್_ಮೇಷ್ಟ್ರು
ಮೊದಲನೆಯ ಮಾತು: ಇನ್ನು ಆ ಸ್ವಿಚ್ ಹಾಕಬೇಡಿ. ಯಾಕೆ ಎಂದು ಹೇಳುತ್ತೇನೆ.

ವಾಲ್ವ್‌ಗಳ (ರೇಡಿಯೊ ಒಳಗಿನ ಗಾಜಿನ ಕೊಳವೆಗಳ) ಪ್ಲೇಟಿಗೆ ಇನ್ನೂರು ವೋಲ್ಟ್ ಹತ್ತಿರ ಬೇಕು. ಗಾಡಿಯಲ್ಲಿರುವುದು ಹನ್ನೆರಡು ವೋಲ್ಟಿನ ನೇರ ವಿದ್ಯುತ್. ನೇರ ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರ್ ಏರಿಸಲಾರದು. ಹಾಗಾಗಿ ಕೆಳಗಿನ ಪೆಟ್ಟಿಗೆಯಲ್ಲಿ ವೈಬ್ರೇಟರ್ ಎಂಬ ಡಬ್ಬಿ ಇಟ್ಟಿರುತ್ತಾರೆ. ಅದರೊಳಗೆ ಒಂದು ಉಕ್ಕಿನ ಎಲೆ ಸೆಕೆಂಡಿಗೆ ಸುಮಾರು ನೂರು ಸಲ ಅತ್ತಿತ್ತ ಬಡಿದು ಬ್ಯಾಟರಿಯ ವಿದ್ಯುತ್ತನ್ನು ತುಂಡು ತುಂಡು ಮಾಡುತ್ತದೆ. ತುಂಡಾದದ್ದನ್ನು ಟ್ರಾನ್ಸ್‌ಫಾರ್ಮರ್ ಏರಿಸುತ್ತದೆ. ನಿಮಗೆ ಕೇಳುತ್ತಿರುವ ಗುಂಯ್ ಅದೇ. ಅದರಿಂದ ಎಲೆ ಅಲುಗುತ್ತಿದೆ ಎಂದಷ್ಟೇ ಗೊತ್ತಾಗುತ್ತದೆ. ಸಂಪರ್ಕದ ಬಿಂದುಗಳು ಕೆಲಸ ಮಾಡುತ್ತಿವೆ ಎಂದು ಅದರಿಂದ ಹೇಳಲಾಗದು.

ಟ್ರಾನ್ಸ್‌ಫಾರ್ಮರಿನ ಹೈ ವೋಲ್ಟೇಜ್ ಬದಿಗೆ ಅಡ್ಡಲಾಗಿ ಒಂದು ಬಫರ್ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಭಾಗ) ಇರುತ್ತದೆ. ಕಾಗದ ಮತ್ತು ಮೇಣದ್ದು. ಇಷ್ಟು ವರ್ಷದಲ್ಲಿ ಅದು ಸೋರದೆ ಉಳಿದಿರುವುದು ಅಪರೂಪ. ಅದು ಶಾರ್ಟ್ ಆದರೆ ಮೊದಲು ವೈಬ್ರೇಟರಿನ ಬಿಂದುಗಳು ಸುಡುತ್ತವೆ, ಆಮೇಲೆ ಟ್ರಾನ್ಸ್‌ಫಾರ್ಮರ್. ಟ್ರಾನ್ಸ್‌ಫಾರ್ಮರ್ ಹೋದರೆ ಸುತ್ತಿ ಕೊಡುವವರು ಈಗ ಎಲ್ಲಿದ್ದಾರೆ? ಆ ಒಂದು ಕೆಪಾಸಿಟರನ್ನು 1,600 ವೋಲ್ಟ್ ತಡೆಯುವ ಪಾಲಿಪ್ರೊಪಿಲೀನ್ ತರಹದ್ದಕ್ಕೆ ಬದಲಿಸಿ. ಮೌಲ್ಯ ಮೊದಲಿನದ್ದೇ ಇರಲಿ, ಅದನ್ನು ಟ್ರಾನ್ಸ್‌ಫಾರ್ಮರಿಗೆ ಹೊಂದಿಸಿ ಇಟ್ಟಿರುತ್ತಾರೆ.

ಎರಡನೆಯದು ಪ್ರಶ್ನೆ. ಗಾಡಿಯ ಅರ್ಥ್ ಯಾವುದು? ಬ್ಯಾಟರಿಯ ಯಾವ ತುದಿ ಬಾಡಿಗೆ ಕಟ್ಟಿದ್ದಾರೆ?

ಬೇಲೂರು_ಲ್ಯಾಂಡ್‌ಮಾಸ್ಟರ್
ಮೇಷ್ಟ್ರೇ, ಧನ್ಯವಾದ. ಸ್ವಿಚ್ ಮುಟ್ಟುವುದಿಲ್ಲ. ಈಗ ನೆಗೆಟಿವ್ ಬಾಡಿಗೆ ಇದೆ. ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್ ಮೊಬೈಲ್ ಚಾರ್ಜರ್ ಸಾಕೆಟ್ ಹಾಕುವುದಕ್ಕೋಸ್ಕರ ಬ್ಯಾಟರಿ ತಿರುಗಿಸಿ ಕಟ್ಟಿದರಂತೆ. ಡೈನಮೊ ಹಳೆಯದೇ, ಅದಕ್ಕೂ ಏನೋ ಕಿಡಿ ಕೊಟ್ಟು ಸರಿ ಮಾಡಿದ್ದಾರೆ. ರೇಡಿಯೊ ಪೆಟ್ಟಿಗೆಯ ಬೆನ್ನಿನ ಮೇಲೆ ಮಾಸಿದ ಚೀಟಿ ಇದೆ. ಒರೆಸಿ ನೋಡಿದರೆ ‘ಪಾಸಿಟಿವ್ ಅರ್ಥ್’ ಎಂದು ಓದಲು ಬರುತ್ತದೆ.

ವಾಲ್ವ್_ಮೇಷ್ಟ್ರು
ನನ್ನ ಅನುಮಾನ ಅಲ್ಲೇ ಇತ್ತು. ಬ್ರಿಟಿಷ್ ಮೂಲದ ಆ ಕಾಲದ ಗಾಡಿಗಳಲ್ಲಿ ಪಾಸಿಟಿವ್ ಅರ್ಥ್ ಮಾಮೂಲು. ವೈಬ್ರೇಟರಿನಲ್ಲಿ ಎರಡು ಜಾತಿ. ಒಂದು ಬರೀ ತುಂಡು ಮಾಡುತ್ತದೆ, ಅದರ ಮುಂದೆ ರೆಕ್ಟಿಫೈಯರ್ ವಾಲ್ವ್ ಬೇರೆ ಇರುತ್ತದೆ. ಇನ್ನೊಂದು ಸಿಂಕ್ರೊನಸ್, ತಾನೇ ತುಂಡು ಮಾಡಿ ತಾನೇ ಮತ್ತೆ ನೇರ ಮಾಡುತ್ತದೆ, ವಾಲ್ವ್ ಬೇಡ. ಮೊದಲನೆಯದಕ್ಕೆ ಬ್ಯಾಟರಿ ಹೇಗೆ ಕಟ್ಟಿದರೂ ನಡೆಯುತ್ತದೆ. ಎರಡನೆಯದಕ್ಕೆ ತಿರುಗಿಸಿ ಕಟ್ಟಿದರೆ ಹೈ ವೋಲ್ಟೇಜ್ ತಲೆಕೆಳಗಾಗಿ ಬರುತ್ತದೆ. ವಾಲ್ವ್‌ಗಳು ಸುಮ್ಮನಿರುತ್ತವೆ, ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಬೇಯುತ್ತದೆ. ದೀಪ ಹತ್ತುತ್ತದೆ, ಗುಂಯ್ ಬರುತ್ತದೆ, ದನಿ ಬರುವುದಿಲ್ಲ. ನೀವು ಹೇಳಿದ ಲಕ್ಷಣಕ್ಕೆ ಹೊಂದುತ್ತದೆ.

ಕೆಳಗಿನ ಪೆಟ್ಟಿಗೆ ಬಿಚ್ಚಿ. ಬ್ಯಾಟರಿ ಕಳಚಿಟ್ಟು, ಕೆಪಾಸಿಟರಿನಲ್ಲಿ ಉಳಿದ ಚಾರ್ಜನ್ನು ಒಂದು ರೆಸಿಸ್ಟರ್ ಮೂಲಕ ಖಾಲಿ ಮಾಡಿ ಆಮೇಲೆ ಕೈ ಹಾಕಿ. ಗಾಜಿನ ರೆಕ್ಟಿಫೈಯರ್ ವಾಲ್ವ್ ಇದೆಯೇ ನೋಡಿ ಹೇಳಿ.

ಡಿಲೈಟ್1100
ಬಿಡಿಭಾಗ ಹುಡುಕುವ ಬದಲು ಟ್ರಾನ್ಸಿಸ್ಟರ್ ಸೆಟ್ ಒಂದನ್ನು ಹಾಕಿಕೊಳ್ಳಿ. ನನ್ನ ಫಿಯೆಟ್‌ನಲ್ಲಿ ಅದೇ ಇದೆ, ಸ್ವಿಚ್ ಹಾಕಿದ ಕೂಡಲೇ ಹಾಡುತ್ತದೆ, ಬ್ಯಾಟರಿಯನ್ನೂ ತಿನ್ನುವುದಿಲ್ಲ. ಒಂದು ಎಚ್ಚರಿಕೆ: ಇಂಜಿನ್ ಹಾಕಿದ ಮೇಲೆ ಟಿಕ್ ಟಿಕ್ ಸದ್ದು ಬಂದೇ ಬರುತ್ತದೆ. ಇಗ್ನಿಷನ್ ಕಾಯಿಲಿನ ತುದಿಗೆ ಒಂದು ಮೈಕ್ರೊಫ್ಯಾರಡ್ ಕೆಪಾಸಿಟರ್ ಕಟ್ಟಿ, ಹೋಗುತ್ತದೆ.

ವಾಲ್ವ್_ಮೇಷ್ಟ್ರು
@ಡಿಲೈಟ್1100, ಟ್ರಾನ್ಸಿಸ್ಟರ್ ಸೆಟ್ ಒಳ್ಳೆಯದೇ, ನಿಮ್ಮ ಗಾಡಿಗೆ ಅದು ಒಪ್ಪುತ್ತದೆ. ಆದರೆ ಮೋಟೊರೋಲಾ 1930ರಲ್ಲಿ ಗಾಡಿಗೆ ರೇಡಿಯೊ ಮಾರಲು ಶುರುಮಾಡಿತು, ಯುರೋಪಿನಲ್ಲಿ ಬ್ಲಾಪುಂಕ್ಟ್ 1932ರಲ್ಲಿ ತಂದಿತು, 1955ರಲ್ಲಿ ಫಿಲ್ಕೊ ಮತ್ತು ಕ್ರೈಸ್ಲರ್ ಸೇರಿ ಪೂರ್ತಿ ಟ್ರಾನ್ಸಿಸ್ಟರಿನದ್ದು ಹೊರತಂದವು. ಅಂದರೆ ಈ ಲ್ಯಾಂಡ್‌ಮಾಸ್ಟರಿನ ಸೆಟ್ಟು ವೈಬ್ರೇಟರ್ ಕಾಲದ ಕೊನೆಯ ಸಾಲಿನದು. ಅಂಥದ್ದು ಅದೇ ಗಾಡಿಯಲ್ಲಿ, ಅದೇ ಜಾಗದಲ್ಲಿ ಉಳಿದಿರುವುದು ದೊಡ್ಡ ವಿಷಯ. ಅದನ್ನು ಬರಿದು ಮಾಡಿ ಮುಖ ಮಾತ್ರ ಉಳಿಸುವುದನ್ನು ನಾನು ಒಪ್ಪಲಾರೆ.

ಯಗಚಿ_ಗ್ಯಾರೇಜ್
ಡಿಲೈಟ್ ಅಣ್ಣ, ‘ಕಾಯಿಲಿನ ತುದಿ’ ಎಂದರೆ ಸಾಲದು. ಕಾಯಿಲಿಗೆ ಎರಡು ಸಣ್ಣ ತುದಿ. ಇಗ್ನಿಷನ್ ಸ್ವಿಚ್ಚಿನಿಂದ ವಿದ್ಯುತ್ ಬರುವ ತುದಿಗೆ ಮಾತ್ರ ಕೆಪಾಸಿಟರ್ ಕಟ್ಟಬೇಕು. ಡಿಸ್ಟ್ರಿಬ್ಯೂಟರಿನ ಪಾಯಿಂಟಿಗೆ ಹೋಗುವ ತುದಿಗೆ ಕಟ್ಟಿದರೆ ಕಿಡಿ ಸೊರಗಿ ಗಾಡಿ ಸ್ಟಾರ್ಟ್ ಆಗುವುದೇ ಕಷ್ಟ. ಡೈನಮೊದಲ್ಲಿಯೂ ಹಾಗೆಯೇ. ದಪ್ಪ ತಂತಿ ಬರುವ ತುದಿಗೆ ಸರಿ, ಫೀಲ್ಡ್ ತುದಿಗೆ ಬೇಡ.

ಯಾವ ಸದ್ದು ಎಲ್ಲಿಂದ ಎಂದು ಕಿವಿಯಿಂದಲೇ ಹಿಡಿಯಬಹುದು. ಇಂಜಿನ್ನಿನ ವೇಗಕ್ಕೆ ತಕ್ಕಂತೆ ಟಿಕ್ ಟಿಕ್ ಏರಿದರೆ ಇಗ್ನಿಷನ್. ಸಿಳ್ಳೆಯಂತೆ ಏರುತ್ತಾ ಹೋದರೆ ಡೈನಮೊ. ಇಂಜಿನ್ ನಿಲ್ಲಿಸಿದ ಮೇಲೂ ಇದ್ದರೆ ರೇಡಿಯೊದ ಪೆಟ್ಟಿಗೆಯದ್ದೇ. ಇವು ಯಾವುದೂ ಅಲ್ಲದೆ ಎಲ್ಲ ಸ್ಟೇಷನ್ನನ್ನೂ ಮುಚ್ಚಿಬಿಡುವ ಗೊರಗೊರ ಇದ್ದರೆ ಆ ಮೊಬೈಲ್ ಚಾರ್ಜರ್ ಕಿತ್ತು ನೋಡಿ. ಮಧ್ಯಮ ತರಂಗಕ್ಕೆ ಅದರಷ್ಟು ಕಾಟ ಕೊಡುವ ವಸ್ತು ಗಾಡಿಯಲ್ಲಿ ಬೇರೆ ಇಲ್ಲ.

ಡಿಲೈಟ್1100
ನನ್ನದರಲ್ಲಿ ಸ್ವಿಚ್ಚಿನ ಕಡೆಯೇ ಇದೆ. ಬಿಡಿಸಿ ಹೇಳಿದ್ದು ಒಳ್ಳೆಯದಾಯಿತು.

ಮಲೆನಾಡ_ಮಾರ್ಷಲ್
ರ‍್ಯಾಲಿಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನಾನು ಸ್ಟೇಜ್ (ಗಾಡಿಗಳು ಸಮಯ ಲೆಕ್ಕದಲ್ಲಿ ಓಡುವ ಮುಚ್ಚಿದ ದಾರಿ) ಕಾಯುವ ಮಾರ್ಷಲ್ ಆಗಿ ನಿಲ್ಲುತ್ತೇನೆ, ಹಾಗಾಗಿ ಹೇಳುತ್ತೇನೆ.

ಲ್ಯಾಂಡ್‌ಮಾಸ್ಟರನ್ನು ತೋಟದ ಮಣ್ಣಿನ ದಾರಿಗೆ ಇಳಿಸಬೇಡಿ. ಡಾಂಬರು ರಸ್ತೆಯ ಪಕ್ಕ ನಿಲ್ಲಿಸಿ ನಡೆದು ಬನ್ನಿ. ಸ್ಟೇಜ್ ಶುರುವಾಗುವುದಕ್ಕೆ ಬಹಳ ಮುಂಚೆಯೇ ದಾರಿ ಮುಚ್ಚುತ್ತೇವೆ, ಒಮ್ಮೆ ಮುಚ್ಚಿದರೆ ಕೊನೆಯ ಸ್ವೀಪ್ ಗಾಡಿ ಹಾದುಹೋಗುವವರೆಗೆ ತೆರೆಯುವುದಿಲ್ಲ. ‘ಮಗು ಅಳುತ್ತಿದೆ, ಬಿಡಿ’ ಎಂದರೂ ಬಿಡಲಾಗುವುದಿಲ್ಲ. ನೀರು, ಊಟ, ಕೊಡೆ ಜೊತೆಗಿರಲಿ.

ನಿಲ್ಲುವ ಜಾಗ ಎಲ್ಲಕ್ಕಿಂತ ಮುಖ್ಯ. ತಿರುವಿನ ಹೊರಬದಿಯಲ್ಲಿ ಯಾರೂ ನಿಲ್ಲಬಾರದು. ಚಕ್ರ ಜಾರಿದ ಗಾಡಿ ಹೋಗುವುದು ಆ ಕಡೆಗೇ. ಒಳಬದಿಯಲ್ಲಿ, ಎತ್ತರದ ದಿಣ್ಣೆಯ ಮೇಲೆ, ಹಿಂದಕ್ಕೆ ಓಡಲು ಜಾಗ ಇರುವಲ್ಲಿ ನಿಲ್ಲಿ. ಸಿಲ್ವರ್ ಮರದ ಮರೆ ಇದೆ ಎಂದು ಧೈರ್ಯ ಬೇಡ. ಮೊದಲು ದಾರಿ ಸರಿಯಿದೆಯೇ ಎಂದು ನೋಡುವ ಝೀರೊ ಕಾರ್ ಹೋಗುತ್ತದೆ, ಅದರ ಹಿಂದೆ ಒಂದೋ ಎರಡೋ ನಿಮಿಷದ ಅಂತರದಲ್ಲಿ ಸ್ಪರ್ಧಿಗಳು. ಸೀಟಿ ಕೇಳಿತೆಂದರೆ ಗಾಡಿ ಬಂತು ಎಂದೇ ಅರ್ಥ, ಆಗ ದಾರಿ ದಾಟಬೇಡಿ. ಫೋಟೊಗಾಗಿ ದಾರಿಗೆ ಇಳಿಯುವವರಿಂದ ಪೂರ್ತಿ ಸ್ಟೇಜನ್ನೇ ರದ್ದು ಮಾಡಬೇಕಾಗುತ್ತದೆ. ವರ್ಷವಿಡೀ ದುಡ್ಡು ಕೂಡಿಸಿ ಬಂದ ಹುಡುಗರ ಸ್ಪರ್ಧೆ ಅದರಿಂದ ಹಾಳಾಗುತ್ತದೆ.

ತೋಟದಮನೆ_ಆಲ್ದೂರು
ಮಾರ್ಷಲ್ ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸುತ್ತೇನೆ. ನಮ್ಮ ತೋಟದ ದಾರಿಯಲ್ಲೂ ಸ್ಟೇಜ್ ಹಾದುಹೋಗಿದೆ. ರ‍್ಯಾಲಿ ನನಗೆ ಇಷ್ಟ, ದಾರಿ ಕೊಟ್ಟದ್ದಕ್ಕೆ ಬೇಸರವಿಲ್ಲ. ಬೇಸರ ನೋಡಲು ಬಂದವರ ಮೇಲೆ. ಹಣ್ಣಾದ ಕಾಫಿ ಗಿಡದ ನಡುವೆ ನುಗ್ಗಿ ರೆಕ್ಕೆ (ಕೊಂಬೆ) ಮುರಿಯುತ್ತಾರೆ. ರೆಕ್ಕೆ ಮುರಿದರೆ ಆ ವರ್ಷದ ಹಣ್ಣು ಮಾತ್ರವಲ್ಲ, ಮುಂದಿನ ಹೂವೂ ಹೋಯಿತು. ಮೆಣಸಿನ ಬಳ್ಳಿ ಹಿಡಿದು ದಿಣ್ಣೆ ಹತ್ತುತ್ತಾರೆ. ಬಾಟಲಿ ಒಡೆದು ಬಿಡುತ್ತಾರೆ, ಮಾರನೆಯ ದಿನ ಹಣ್ಣು ಕುಯ್ಯಲು ಬರುವ ಹೆಂಗಸರ ಕಾಲಿಗೆ ಚುಚ್ಚುತ್ತದೆ. ನೀವು ಬನ್ನಿ, ಲೈನ್ ಮನೆಯ (ಕೆಲಸದವರ ಮನೆಸಾಲಿನ) ಹತ್ತಿರ ಕೇಳಿದರೆ ನೀರು ಕೊಡುತ್ತಾರೆ. ಗಿಡದೊಳಗೆ ಮಾತ್ರ ಕಾಲಿಡಬೇಡಿ.

ಬೇಲೂರು_ಲ್ಯಾಂಡ್‌ಮಾಸ್ಟರ್
ಅಕ್ಕ, ಖಂಡಿತ. ನಮ್ಮ ಗುಂಪಿನವರು ಕಸದ ಚೀಲ ಜೊತೆಗೇ ತರುತ್ತೇವೆ.

ಸರ್ಕ್ಯೂಟ್_ಹಾಸನ
ಒಂದು ವಿಷಯ ನೇರವಾಗಿ ಕೇಳುತ್ತೇನೆ. ರ‍್ಯಾಲಿಯಲ್ಲಿ ನೋಡುವುದಾದರೂ ಏನು? ಒಂದು ಗಾಡಿ ಬರುತ್ತದೆ, ಧೂಳು, ಹೋಯಿತು. ಯಾರು ಮುಂದೆ ಎಂಬುದು ಸಂಜೆಯವರೆಗೆ ಗೊತ್ತಾಗುವುದಿಲ್ಲ. ರೇಸ್ ನೋಡಬೇಕೆಂದರೆ ಶ್ರೀಪೆರಂಬುದೂರು ಹತ್ತಿರದ ಮದ್ರಾಸ್ ಟ್ರ್ಯಾಕಿಗೋ ಕೊಯಮತ್ತೂರಿಗೋ ಹೋಗಬೇಕು. ಗಾಡಿಗಳು ಪಕ್ಕಪಕ್ಕದಲ್ಲಿ ಗುದ್ದಾಡುವುದನ್ನು ಕೂತು ನೋಡಬಹುದು.

ಮಲೆನಾಡ_ಮಾರ್ಷಲ್
ಟ್ರ್ಯಾಕಿನಲ್ಲಿ ಅದೇ ತಿರುವನ್ನು ನೂರಾರು ಸಲ ಅಭ್ಯಾಸ ಮಾಡಿರುತ್ತಾರೆ. ಇಲ್ಲಿ ರೆಕ್ಕಿಯ ದಿನ ನಿಧಾನವಾಗಿ ಹೋಗಿ ಬರೆದುಕೊಂಡ ಟಿಪ್ಪಣಿ ಅಷ್ಟೇ ಗತಿ. ಪಕ್ಕದಲ್ಲಿ ಕೂತವನು ‘ಎಡಕ್ಕೆ ನಾಲ್ಕು, ದಿಬ್ಬದ ಮೇಲೆ ಬಲಕ್ಕೆ ಎರಡು’ ಎಂದು ಓದುತ್ತಾನೆ (ಅಂಕೆ ಎಂದರೆ ತಿರುವು ಎಷ್ಟು ಕಡಿದು ಎಂಬ ಲೆಕ್ಕ), ಓಡಿಸುವವನು ಕಾಣದ ತಿರುವಿಗೆ ಅವನ ಮಾತು ನಂಬಿ ಗಾಡಿ ತಿರುಗಿಸುತ್ತಾನೆ. ನಿನ್ನೆ ರಾತ್ರಿ ಮಳೆ ಬಂದಿದ್ದರೆ ಟಿಪ್ಪಣಿಯಲ್ಲಿದ್ದ ಕೆಮ್ಮಣ್ಣು ಇವತ್ತು ಜಾರುಬಂಡಿ. ಇದಕ್ಕಿಂತ ನೋಡುವಂಥದ್ದು ಯಾವುದಿದೆ?

ಇನ್ನೊಂದು. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತು ನಡೆದದ್ದು ನಮ್ಮ ಕಾಫಿ ತೋಟಗಳಲ್ಲಿ. ಗೌರವ್ ಗಿಲ್ ಆ ಚಾಂಪಿಯನ್‌ಷಿಪ್ಪನ್ನು 2013, 2016, 2017ರಲ್ಲಿ ಗೆದ್ದರು. ಸ್ಕೋಡಾ ಫೇಬಿಯಾ ಆರ್5 ನಮ್ಮ ಊರಿನ ಮಣ್ಣಿನಲ್ಲಿ ಅಡ್ಡಡ್ಡ ಬರುವುದನ್ನು ನಾವು ಬೇಲಿಯ ಪಕ್ಕ ನಿಂತು ನೋಡಿದ್ದೇವೆ. 2019ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು, ಮೋಟಾರು ಕ್ರೀಡೆಗೆ ಅದೇ ಮೊದಲು. ಹೊರದೇಶದಿಂದ ಬಂದು ಓಡಿಸುವ ದಾರಿ ಮನೆಯ ಹಿಂದೆಯೇ ಇರುವಾಗ ಕೊಯಮತ್ತೂರಿಗೆ ಯಾಕೆ ಹೋಗಲಿ?

ಸರ್ಕ್ಯೂಟ್_ಹಾಸನ
ಗಿಲ್ ವಿಷಯದಲ್ಲಿ ಎರಡು ಮಾತಿಲ್ಲ. ಆದರೂ ನನಗೆ ಚಕ್ರಕ್ಕೆ ಚಕ್ರ ತಾಗಿಸಿ ಓಡುವುದೇ ರೇಸು. ಭಾನುವಾರ ಬಂದು ನೋಡುತ್ತೇನೆ, ಆಮೇಲೆ ಮಾತನಾಡೋಣ.

ಹ್ಯಾಮ್_ಮೂಡಿಗೆರೆ
ರೇಡಿಯೊ, ರ‍್ಯಾಲಿ ಎರಡೂ ಒಂದೇ ಕಡೆ ಸೇರಿರುವಾಗ ನಮ್ಮವರ ಕೆಲಸವನ್ನೂ ಹೇಳಬೇಕು. ರ‍್ಯಾಲಿಗಳಲ್ಲಿ ಸ್ಟೇಜಿನ ಆರಂಭ, ನಡುವಿನ ಪಾಯಿಂಟ್, ಮುಕ್ತಾಯಗಳ ನಡುವೆ ಸುದ್ದಿ ಸಾಗಿಸಲು ಹವ್ಯಾಸಿ ರೇಡಿಯೊದವರು ನಿಲ್ಲುವುದುಂಟು. ತೋಟದ ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ, ವಿಎಚ್‌ಎಫ್ (ನಮ್ಮ ಹ್ಯಾಂಡ್‌ಸೆಟ್ಟಿನ) ಅಲೆಗಳೂ ಗುಡ್ಡವನ್ನು ದಾಟುವುದಿಲ್ಲ. ಹಾಗಾಗಿ ಒಬ್ಬರು ಏಣಿನ ಮೇಲೆ ಕೂತು ಎರಡು ಕಡೆಗೂ ಮಾತು ದಾಟಿಸುತ್ತಾರೆ. ಹನ್ನೆರಡನೆಯ ಗಾಡಿ ಒಂದು ಪಾಯಿಂಟ್ ದಾಟಿತು, ಮುಂದಿನ ಪಾಯಿಂಟಿಗೆ ಬರಲಿಲ್ಲ ಎಂದರೆ ಅದು ಎಲ್ಲೋ ನಡುವೆ ನಿಂತಿದೆ. ನಿಂತ ಗಾಡಿಯವರು ಹಸಿರು ಓಕೆ ಫಲಕ ತೋರಿಸಿದರೆ ಸರಿ, ಕೆಂಪು ಎಸ್‌ಒಎಸ್ ತೋರಿಸಿದರೆ ಹಿಂದಿನಿಂದ ಬಂದ ಗಾಡಿ ನಿಲ್ಲಲೇಬೇಕು, ನಾವು ಕೂಡಲೇ ಆಂಬುಲೆನ್ಸಿಗೆ ಹೇಳುತ್ತೇವೆ. ದಯವಿಟ್ಟು ಹ್ಯಾಂಡ್‌ಸೆಟ್ ಹಿಡಿದವರ ಹತ್ತಿರ ಬಂದು ‘ಯಾರು ಮುಂದಿದ್ದಾರೆ ಸರ್’ ಎಂದು ಕೇಳುತ್ತಾ ನಿಲ್ಲಬೇಡಿ. ಆ ಹೊತ್ತಿನಲ್ಲಿ ಒಂದು ಮಾತು ತಪ್ಪಿದರೆ ಒಬ್ಬರ ಜೀವದ ಪ್ರಶ್ನೆ.

ನಿವೃತ್ತ_ರೈಟರ್
ಮೇಲೆ ಅರಸೀಕೆರೆಯವರು ‘ಗೊರಗೊರ’ ಎಂದರಲ್ಲ, ಅದಕ್ಕೆ ಹೇಳುತ್ತೇನೆ. 1974ರ ಮಾರ್ಚಿನಲ್ಲಿ ಕರ್ನಾಟಕ ಮತ್ತು ಬಾಂಬೆ ನಡುವೆ ರಣಜಿ ಸೆಮಿಫೈನಲ್. ಆಗ ನಾನು ಸಕಲೇಶಪುರದ ಕಡೆ ಒಂದು ತೋಟದಲ್ಲಿ ಲೆಕ್ಕ ಬರೆಯುತ್ತಿದ್ದ ಹುಡುಗ. ಸಾಹುಕಾರರ ಗಾಡಿಯ ರೇಡಿಯೊದಲ್ಲಿ ಬೆಂಗಳೂರು ಹಿಡಿಯುತ್ತಿತ್ತು. ಅವರು ಗಾಡಿಯ ನಾಲ್ಕೂ ಬಾಗಿಲು ತೆರೆದು ಕಾಫಿ ಒಣಹಾಕುವ ಕಣದಲ್ಲಿ ನಿಲ್ಲಿಸಿದರು. ನಾವೆಲ್ಲ ಸುತ್ತ ಕೂತೆವು. ಪ್ರಸನ್ನ ಅವರ ಚೆಂಡಿಗೆ ಗಾವಸ್ಕರ್ ಬೌಲ್ಡ್ ಆದದ್ದು ಕೇಳಿ ಕುಕ್ಕೆ ಎಸೆದು ಕುಣಿದವರಿದ್ದಾರೆ. ಆ ವರ್ಷವೇ ರಣಜಿ ಟ್ರೋಫಿ ಮೊದಲ ಸಲ ನಮಗೆ ಬಂತು. ಅವತ್ತೂ ಗೊರಗೊರ ಇತ್ತು, ಯಾರಿಗೂ ಅಡ್ಡಿಯಾಗಲಿಲ್ಲ.

ಕಾಫಿಕಣ
ಆಗ ರೇಡಿಯೊಗೆ ಲೈಸೆನ್ಸ್ ಕಟ್ಟಬೇಕಿತ್ತು ಅಲ್ಲವೇ? ನಮ್ಮ ಮನೆಯಲ್ಲಿ ಅಂಚೆ ಕಚೇರಿಯ ಪುಸ್ತಕ ಇನ್ನೂ ಇದೆ.

ನಿವೃತ್ತ_ರೈಟರ್
ಹೌದು, ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಕಟ್ಟಬೇಕಿತ್ತು, 1980ರ ದಶಕದಲ್ಲಿ ರದ್ದಾಯಿತು. ಲ್ಯಾಂಡ್‌ಮಾಸ್ಟರಿನವರೇ, ನಿಮ್ಮ ತಾತನ ಕಾಗದಗಳಲ್ಲಿ ಹುಡುಕಿ. ಸಿಕ್ಕರೆ ಅದನ್ನೂ ಗಾಡಿಯ ಜೊತೆಗೇ ಇಡಿ.

ನೀರುದೋಸೆ_ಪ್ರಿಯ
ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರಿಗೆ ಅರವತ್ತು ಚಿಲ್ಲರೆ ಕಿಲೋಮೀಟರ್. ಬೆಳಗಿನ ಜಾವ ಹೊರಟು, ರ‍್ಯಾಲಿ ಮುಗಿಸಿ, ಮೂಡಿಗೆರೆ ಮೇಲೆ ಕೊಟ್ಟಿಗೆಹಾರಕ್ಕೆ ಹೋಗಿ ನೀರುದೋಸೆ ತಿನ್ನೋಣ.

ಯಗಚಿ_ಗ್ಯಾರೇಜ್
ಸೈಡ್‌ವಾಲ್ವ್ ಗಾಡಿಗೆ ಅದು ದೊಡ್ಡ ಸುತ್ತು. ಕತ್ತಲಾದ ಮೇಲೆ ಮಂಜು ಬೇರೆ. ಬೇಲೂರಿನಲ್ಲೇ ತಿಂಡಿ ಮುಗಿಸಿ.

ಬೇಲೂರು_ಲ್ಯಾಂಡ್‌ಮಾಸ್ಟರ್
ಪೆಟ್ಟಿಗೆ ಬಿಚ್ಚಿದೆ. ಒಳಗೆ ಅಲ್ಯೂಮಿನಿಯಮ್ ಡಬ್ಬಿಯ ವೈಬ್ರೇಟರ್, ಅದರ ಪಕ್ಕ ಟ್ರಾನ್ಸ್‌ಫಾರ್ಮರ್, ಔಟ್‌ಪುಟ್ ವಾಲ್ವ್ ಒಂದು. ರೆಕ್ಟಿಫೈಯರ್ ವಾಲ್ವ್ ಇಲ್ಲ, ಅದಕ್ಕೆ ಸಾಕೆಟ್ಟೂ ಇಲ್ಲ. ಕಾಗದದ ಕವಚ ಹಾಕಿದ ಎಲೆಕ್ಟ್ರೊಲಿಟಿಕ್ ಒಂದು ಬದಿ ಉಬ್ಬಿ, ತಳದಲ್ಲಿ ಬಿಳಿ ಪುಡಿ ಕಟ್ಟಿದೆ. ಟ್ರಾನ್ಸ್‌ಫಾರ್ಮರಿನ ಸುರುಳಿಗಳನ್ನು ಮೀಟರಿನಲ್ಲಿ ನೋಡಿದರೆ ಎಲ್ಲೂ ಕಡಿದಿಲ್ಲ, ಸುಟ್ಟ ವಾಸನೆಯೂ ಇಲ್ಲ.

ವಾಲ್ವ್_ಮೇಷ್ಟ್ರು
ಹಾಗಾದರೆ ಸಿಂಕ್ರೊನಸ್. ಉಬ್ಬಿದ ಕೆಪಾಸಿಟರ್ ತಲೆಕೆಳಗಾದ ವೋಲ್ಟೇಜಿಗೆ ಸಾಕ್ಷಿ. ಟ್ರಾನ್ಸ್‌ಫಾರ್ಮರ್ ಉಳಿದಿದೆ, ಬಹಳ ಸಂತೋಷ.

ಎರಡು ದಾರಿ. ಒಂದು, ಟ್ರಾನ್ಸ್‌ಫಾರ್ಮರಿನ ಪ್ರೈಮರಿಯ ಎರಡು ಹೊರತುದಿಗಳನ್ನು ಅದಲುಬದಲು ಮಾಡಿದರೆ ಹೈ ವೋಲ್ಟೇಜ್ ಸರಿದಿಕ್ಕಿಗೆ ಬರುತ್ತದೆ, ಗಾಡಿ ನೆಗೆಟಿವ್ ಅರ್ಥಿನಲ್ಲೇ ಇರಬಹುದು. ಇನ್ನೊಂದು, ಗಾಡಿಯನ್ನೇ ಮೊದಲಿನಂತೆ ಪಾಸಿಟಿವ್ ಅರ್ಥಿಗೆ ತರುವುದು. ನನ್ನ ಮನಸ್ಸು ಎರಡನೆಯದಕ್ಕೆ.

ಯಗಚಿ_ಗ್ಯಾರೇಜ್
ಮೇಷ್ಟ್ರೇ, ಇಲ್ಲಿ ನಾನು ಒಪ್ಪುವುದಿಲ್ಲ. ಇವತ್ತಿನ ಯಾವ ಮೆಕ್ಯಾನಿಕ್ಕೂ ಪಾಸಿಟಿವ್ ಅರ್ಥ್ ಇದೆ ಎಂದು ನೋಡಿ ಕೈ ಹಾಕುವುದಿಲ್ಲ. ದಾರಿಯಲ್ಲಿ ಬ್ಯಾಟರಿ ಇಳಿದು ಬೇರೆ ಗಾಡಿಯಿಂದ ಜಂಪ್ ಕೊಡುವಾಗ ಬಾಡಿಗೆ ಬಾಡಿ ತಾಗಿದರೂ ಸಾಕು, ವೈರು ಸುಡುತ್ತದೆ. ತಂತಿ ಅದಲುಬದಲು ಮಾಡಿ, ಹಳೆಯ ಚೀಟಿಯ ಪಕ್ಕದಲ್ಲಿ ‘ನೆಗೆಟಿವ್ ಅರ್ಥಿಗೆ ಬದಲಿಸಿದೆ’ ಎಂದು ತಾರೀಕು ಹಾಕಿ ಅಂಟಿಸಿ. ಯಾವಾಗ ಬೇಕಾದರೂ ಹಿಂದಕ್ಕೆ ತರಬಹುದು.

ವಾಲ್ವ್_ಮೇಷ್ಟ್ರು
ಜಂಪ್ ಕೊಡುವ ಮಾತು ನ್ಯಾಯವಾದದ್ದು. ಗುಂಪಿನಲ್ಲಿ ಹೋಗುವ ಗಾಡಿಗೆ ಅದೇ ಸರಿ. ಬಿಚ್ಚಿದ ಹಳೆಯ ಕೆಪಾಸಿಟರುಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಹಾಕಿಡಿ. ಬಫರ್, ಎಲೆಕ್ಟ್ರೊಲಿಟಿಕ್, ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಹೋಗುವ ಕಪ್ಲಿಂಗ್ ಕೆಪಾಸಿಟರ್, ಈ ಮೂರನ್ನು ಬದಲಿಸದೆ ವಿದ್ಯುತ್ ಕೊಡಬೇಡಿ.

ಅರಸೀಕೆರೆ_ಆಡಿಯೊ
ಇಷ್ಟು ಗಟ್ಟಿಯಾಗಿ ಉಳಿದಿದ್ದರೆ ನಾನೂ ಬರಿದು ಮಾಡಿ ಎನ್ನುವುದಿಲ್ಲ. ಆದರೆ ಹಾಡಿನ ಪ್ರಶ್ನೆ ಹಾಗೆಯೇ ಉಳಿಯಿತು. ಒಂದು ನಡುದಾರಿ: ವಾಲ್ಯೂಮ್ ಕಂಟ್ರೋಲಿನ ಮೇಲ್ತುದಿಗೆ ಸಣ್ಣ ಕೆಪಾಸಿಟರ್ ಮೂಲಕ ಒಂದು ಆಡಿಯೊ ತಂತಿ ಎಳೆದು, ಗ್ಲೋವ್ ಬಾಕ್ಸಿನಲ್ಲಿ ಸಾಕೆಟ್ ಇಡಿ. ಮೊಬೈಲಿನ ಹಾಡು ಅದೇ ವಾಲ್ವು, ಅದೇ ಸ್ಪೀಕರಿನಲ್ಲಿ ಬರುತ್ತದೆ. ಕೊರೆಯುವುದು, ಕತ್ತರಿಸುವುದು ಏನೂ ಬೇಡ.

ವಾಲ್ವ್_ಮೇಷ್ಟ್ರು
ಇದು ಒಳ್ಳೆಯ ಸಲಹೆ, ನನ್ನ ಪೂರ್ಣ ಒಪ್ಪಿಗೆ ಇದೆ. ಜೊತೆಗೆ ಸ್ಟೇಷನ್ನನ್ನೂ ಹುಡುಕಿ. ಡಯಲಿನಲ್ಲಿ ಮೀಟರ್ ಲೆಕ್ಕ ಇದ್ದರೆ ಬೆಂಗಳೂರಿನ 612 ಕಿಲೋಹರ್ಟ್ಸ್ ಎಂದರೆ 490 ಮೀಟರ್, ಭದ್ರಾವತಿಯ 675 ಎಂದರೆ 444. ಹಗಲಿನಲ್ಲಿ ನೆಲ ಹಿಡಿದು ಬರುವ ಅಲೆ ಮಾತ್ರ ಸಿಗುತ್ತದೆ, ಕತ್ತಲಾದ ಮೇಲೆ ಮೇಲಿನ ವಾಯುಪದರದಿಂದ ಮರಳಿ ಬರುವ ದೂರದ ಕೇಂದ್ರಗಳೂ ಸಿಗುತ್ತವೆ. ಉದ್ದದ ಹಳೆಯ ಏರಿಯಲ್ ಉಳಿಸಿಕೊಳ್ಳಿ, ಈಗಿನ ಗಿಡ್ಡ ರಬ್ಬರಿನದ್ದು ಇದಕ್ಕೆ ಸಾಲದು. ಏರಿಯಲ್ ತಂತಿ ಸೇರುವ ಕಡೆ ಒಂದು ಸಣ್ಣ ಟ್ರಿಮ್ಮರ್ ತಿರುಪು ಇರುತ್ತದೆ. 1,400 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕ್ಷೀಣವಾದ ಒಂದು ಸ್ಟೇಷನ್ ಹಿಡಿದು ದನಿ ಗರಿಷ್ಠವಾಗುವವರೆಗೆ ಅದನ್ನು ತಿರುಗಿಸಿ.

ಬೇಲೂರು_ಲ್ಯಾಂಡ್‌ಮಾಸ್ಟರ್
ಮೂರು ಕೆಪಾಸಿಟರುಗಳನ್ನೂ ಹಾಕಿ, ತಂತಿ ಬದಲಿಸಿದೆವು. ವಾಲ್ವ್ ಬಿಸಿಯಾಗಲು ಅರ್ಧ ನಿಮಿಷ, ಆಮೇಲೆ ಸಣ್ಣಗೆ ಗುನುಗು, ಡಯಲ್ ತಿರುಗಿಸಿದಂತೆ ಮಾತು ಬಂತು. ಚಿಕ್ಕಪ್ಪ ಗಾಡಿಯಿಂದ ಇಳಿಯುತ್ತಲೇ ಇಲ್ಲ. ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಈಗ ಒಂದೇ ಪ್ರಶ್ನೆ: ರ‍್ಯಾಲಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಎಷ್ಟು ಹೊತ್ತು ಹಾಕಬಹುದು?

ಯಗಚಿ_ಗ್ಯಾರೇಜ್
ಈ ಸೆಟ್ಟು ಮೂರು ನಾಲ್ಕು ಆಂಪಿಯರ್ ಎಳೆಯುತ್ತದೆ. ಡೈನಮೊ ಐಡ್ಲಿಂಗಿನಲ್ಲಿ ಚಾರ್ಜ್ ಕೊಡುವುದಿಲ್ಲ, ಹಾಗಾಗಿ ಇಂಜಿನ್ ಹಾಕಿಟ್ಟರೂ ಪ್ರಯೋಜನವಿಲ್ಲ. ಬ್ಯಾಟರಿ ಚೆನ್ನಾಗಿದ್ದರೆ ಒಂದು ಗಂಟೆ ಧಾರಾಳ, ಅದಕ್ಕಿಂತ ಹೆಚ್ಚು ಬೇಡ. ರೇಡಿಯೊಗೆ ಬೇರೆಯೇ ಫ್ಯೂಸ್ ಹಾಕಿ. ವೈಬ್ರೇಟರಿನ ಬಿಂದು ಅಂಟಿಕೊಂಡರೆ ಕೂಡಲೇ ಅದು ಹಾರಬೇಕು, ಹತ್ತು ಆಂಪಿಯರಿನ ಮೇಲೆ ಹೋಗಬೇಡಿ. ಇಂಜಿನ್ ಕೈಯಿಂದ ತಿರುಗಿಸಿ ಸ್ಟಾರ್ಟ್ ಮಾಡುವ ಹ್ಯಾಂಡಲ್ ಡಿಕ್ಕಿಯಲ್ಲಿದೆಯಲ್ಲ?

ಬೇಲೂರು_ಲ್ಯಾಂಡ್‌ಮಾಸ್ಟರ್
ಹ್ಯಾಂಡಲ್ ಇದೆ. ಫ್ಯೂಸ್ ಇವತ್ತೇ ಹಾಕಿಸುತ್ತೇನೆ.

ಮಲೆನಾಡ_ಮಾರ್ಷಲ್
ಗಾಡಿಗಳನ್ನು ಆಂಬುಲೆನ್ಸ್ ಹೊರಳುವ ಜಾಗದಲ್ಲಿ ಮಾತ್ರ ನಿಲ್ಲಿಸಬೇಡಿ. ಉಳಿದದ್ದು ಅಲ್ಲೇ ಸಿಕ್ಕಾಗ ಮಾತನಾಡೋಣ.